ಹೂಕೋಸು ನೀರು ಬಿಟ್ರೆ ರುಚಿ ಹೋಯ್ತು: ಇಬ್ಬರಿಗೆ ಒಂದು ಹಗುರ ಊಟ

ಬನ್ನಿ ಬನ್ನಿ, ಒಲೆ ಹಚ್ಚಿ ಆಗಿದೆ. ಹೂಕೋಸು, ಕ್ಯಾರೆಟ್, ಬೀನ್ಸ್, ಕಾಬೂಲ್ ಕಡಲೆ, ಇಬ್ಬರಿಗೆ ಒಂದು ಹೊತ್ತಿಗೆ ಸಾಕು. ತೊಳೆಯೋದು, ಹೆಚ್ಚೋದು ವಿಡಿಯೋದಲ್ಲಿ ನಿಮಗೇ ಕಾಣ್ತಿದೆ. ಇಷ್ಟು ಮಾತ್ರ ಗಮನಿಸಿ: ಹೂಕೋಸಿನ ಪ್ರತಿ ತುಂಡಿಗೂ ಒಂದು ಮಗ್ಗುಲು ಚಪ್ಪಟೆಯಾಗಿದೆ. ಬಾಣಲೆಗೆ ತಾಗಬೇಕಾದ್ದು ಆ ಮಗ್ಗುಲು. ಒದ್ದೆ ಇರಬಾರದು, ಬಟ್ಟೆಯಲ್ಲಿ ಒತ್ತಿ ಒರೆಸಿ.

ಈಗ ಎರಡು ಬಾಣಲೆ. ಒಂದೇ ಅಳತೆ, ಒಂದೇ ಉರಿ, ಎರಡೆರಡು ಟೀ ಚಮಚ ಎಣ್ಣೆ. ಎಡಗಡೆಗೆ 400 ಗ್ರಾಂ ಹೂಕೋಸು ಒಟ್ಟಿಗೇ ಸುರಿದು ಉಪ್ಪೂ ಹಾಕಿದೆ, ತೋರಿಸೋಕೆ ಅಂತಾನೇ. ಬಲಗಡೆಗೆ 200 ಗ್ರಾಂ, ಉಪ್ಪಿಲ್ಲ. ಎರಡು ನಿಮಿಷ ಆಯ್ತು, ಎಡಗಡೆ ಸದ್ದು ಕೇಳಿ. ಚುರ್ ಅನ್ನೋದು ನಿಂತು ಕೊತಕೊತ ಅಂತಿದೆ. ಅಂದ್ರೆ ಹುರಿಯೋದು ನಿಂತು ಬೇಯೋದು ಶುರುವಾಗಿದೆ.

ಇದೇ ನನಗೆ ಸಿಟ್ಟು ಬರಿಸೋ ವಿಷಯ. ಆರೋಗ್ಯಕರ ಊಟ ಸಪ್ಪೆ ಅಂತ ಜನ ಹೇಳೋದು ಈ ನೀರಿನಿಂದ. ಹೂಕೋಸಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ, ಉಪ್ಪು ಅದನ್ನ ಹೊರಗೆ ಎಳೆಯುತ್ತೆ. ಮೇಲ್ಮೈಯಲ್ಲಿ ನೀರಿರೋ ತನಕ ಶಾಖ 100 ಡಿಗ್ರಿ ದಾಟಲ್ಲ. ಆ ಕಂದು ಬಣ್ಣ, ಆ ಹುರಿದ ಘಮ ಬೇಗ ಬರೋಕೆ ಸುಮಾರು 140 ಡಿಗ್ರಿ ಬೇಕು. ಫ್ರೆಂಚ್ ವಿಜ್ಞಾನಿ ಮಯ್ಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು, ಇವತ್ತಿಗೂ ಅವರ ಹೆಸರಲ್ಲೇ ಇದೆ. ಉರಿ ಜಾಸ್ತಿ ಮಾಡಿದ್ರೆ ಆಯ್ತಲ್ಲ ಅಂತೀರಿ. ಆಗಲ್ಲ. ತಣ್ಣೀರನ್ನ ಕುದಿ ಬರಿಸೋಕೆ ಬೇಕಾದ ಶಾಖದ ಆರು ಪಟ್ಟಿಗೂ ಹೆಚ್ಚು, ಅದೇ ನೀರನ್ನ ಆವಿ ಮಾಡೋಕೆ ಬೇಕು. ಮನೆ ಒಲೆಗೆ ಅಷ್ಟು ಕಸುವಿಲ್ಲ. ಅಷ್ಟರಲ್ಲಿ ತುಂಡು ಮೆತ್ತಗಾಗುತ್ತೆ, ರುಚಿ ಬರಲಿಲ್ಲ ಅಂತ ಇನ್ನಷ್ಟು ಎಣ್ಣೆ, ಇನ್ನಷ್ಟು ಉಪ್ಪು ಬೀಳುತ್ತೆ. ಹಗುರ ಊಟ ಭಾರ ಆಗೋದು ಹೀಗೆ.

ಎಡಗಡೆಯದನ್ನ ಉಳಿಸಬಹುದು, ನೋಡಿ. ಎಲ್ಲಾ ತಟ್ಟೆಗೆ ತೆಗೆದೆ. ನೀರು ಚೆಲ್ಲಿ, ಬಾಣಲೆ ಒರೆಸಿ, ಚೆನ್ನಾಗಿ ಕಾಯಿಸಿ, ಅರ್ಧರ್ಧ ವಾಪಸ್. ಬಲಗಡೆಯಷ್ಟು ಚೆನ್ನಾಗಿ ಬರಲ್ಲ, ತಿನ್ನೋಕೆ ಅಡ್ಡಿಯಿಲ್ಲ.

ಬಲಗಡೆಯದನ್ನ ನಾಲ್ಕು ನಿಮಿಷ ಮುಟ್ಟಬೇಡಿ. ಸೌಟು ಕೆಳಗಿಡಿ! ಆ ಹೊತ್ತಲ್ಲಿ ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ. ಜಜ್ಜಿದ ಕೂಡಲೇ ಬಾಣಲೆಗೆ ಬೇಡ, ಹತ್ತು ನಿಮಿಷ ಹಾಗೇ ಬಿಡಿ. ಜಜ್ಜಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡಿ ಆ ಖಾರದ ವಾಸನೆ ಹುಟ್ಟಿಸುತ್ತೆ, ಬಿಸಿ ತಾಗಿದ್ರೆ ಕಿಣ್ವ ಸತ್ತುಹೋಗುತ್ತೆ. ಅದಕ್ಕೇ ಇಡೀ ಎಸಳು ಬೇಯಿಸಿದ್ರೆ ಸಿಹಿಯಾಗಿರುತ್ತೆ. ಅದೂ ಚೆನ್ನಾಗಿರುತ್ತೆ, ಕಡಲೆ ಜೊತೆ ಅದೇ ವಾಸಿ ಅಂತ ಈಗ ಅನ್ನಿಸ್ತಿದೆ, ಎರಡು ಎಸಳು ಹಾಗೇ ಹಾಕೋಣ... ಅಯ್ಯೋ, ತಿರುಗಿಸಬೇಕು, ತಿರುಗಿಸಿ!

ಬಣ್ಣ ನೋಡಿದ್ರಾ! ಈಗ ಇದನ್ನ ತೆಗೆದು ಕ್ಯಾರೆಟ್. ಗಟ್ಟಿ ತರಕಾರಿ, 3 ಮಿಲಿಮೀಟರ್ ದಪ್ಪಕ್ಕಿಂತ ಜಾಸ್ತಿ ಬೇಡ. ಎಣ್ಣೆಯೇ ಇಲ್ಲದ ಅಡುಗೆ ಆರೋಗ್ಯಕ್ಕೆ ಒಳ್ಳೇದು ಅನ್ನೋದನ್ನ ನಾನು ಒಪ್ಪಲ್ಲ. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್, ಅಂದ್ರೆ ಮೈಯಲ್ಲಿ ಎ ವಿಟಮಿನ್ ಆಗೋ ಆ ಕಿತ್ತಳೆ ಬಣ್ಣದ ಅಂಶ, ಕರಗೋದು ಜಿಡ್ಡಿನಲ್ಲಿ, ಮೈಗೆ ಹತ್ತೋಕೆ ಸ್ವಲ್ಪ ಎಣ್ಣೆ ಬೇಕೇ ಬೇಕು.

ನೀರಲ್ಲಿ ತರಕಾರಿ ಬೇಯಿಸೋದು ದಂಡ, ಸಿ ವಿಟಮಿನ್ ನೀರಿಗೆ ಹೋಗುತ್ತೆ. ಬೀನ್ಸ್‌ಗೆ ಮಾತ್ರ ಒಪ್ತೀನಿ: ಕುದಿಯೋ ನೀರಲ್ಲಿ ಮೂರೇ ನಿಮಿಷ, ತಕ್ಷಣ ತಣ್ಣೀರಿಗೆ. ಹಸಿರೂ ಉಳಿಯುತ್ತೆ, ಕಟುಂ ಅನ್ನೋದೂ ಉಳಿಯುತ್ತೆ. ಆವಿಯಲ್ಲಾದ್ರೆ ಇನ್ನೂ ಒಳ್ಳೇದು.

ಕಡಲೆ ಕ್ಲಿಪ್ ಚಿಕ್ಕದು, ಬೇಗ ಹೇಳ್ತೀನಿ. 100 ಗ್ರಾಂ ಒಣ ಕಡಲೆ, ರಾತ್ರಿಯಿಡೀ ನೆನೆ, ನೆನೆಯೋ ನೀರಿಗೇ ಒಂದು ಟೀ ಚಮಚ ಉಪ್ಪು. ಸಿಪ್ಪೆ ಮೆತ್ತಗಾಗುತ್ತೆ. ಆಮೇಲೆ ಬೇಯಿಸುವಾಗ ಹುಳಿ ಪದಾರ್ಥ ಯಾವುದೂ ಕಾಳು ಮೆತ್ತಗಾಗೋ ಮುಂಚೆ ಬೀಳಬಾರದು, ಟೊಮೆಟೊ ಕೂಡ. ಬಿದ್ರೆ ಕಾಳು ಮೆತ್ತಗಾಗೋಕೆ ತುಂಬಾ ಹೊತ್ತು ಹಿಡಿಯುತ್ತೆ.

ಎಲ್ಲಾ ಬಾಣಲೆಗೆ ಬಂತು. ಬೆಳ್ಳುಳ್ಳಿ ಅರ್ಧ ನಿಮಿಷ, ಕಂದಾಯ್ತೋ ಕಹಿ. ಉಪ್ಪು ಈಗ, ಅರ್ಧ ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಅನ್ನುತ್ತೆ, ಒಂದು ಟೀ ಚಮಚಕ್ಕೂ ಒಳಗೆ. ಒಲೆ ಆರಿಸಿ, ಅರ್ಧ ನಿಂಬೆಹಣ್ಣು ಹಿಂಡಿ. ಹುಳಿ ಬಿದ್ರೆ ಉಪ್ಪು ಕಮ್ಮಿಯಿರೋದು ನಾಲಿಗೆಗೆ ಗೊತ್ತೇ ಆಗಲ್ಲ. ಬಿಸಿಯಲ್ಲಿ ಹಿಂಡಿ ಹಾಗೇ ಕುದಿಸಿದ್ರೆ ಬೀನ್ಸ್ ಬಣ್ಣ ಮಾಸುತ್ತೆ, ಬಡಿಸೋ ಹೊತ್ತಿಗೇ ಹಿಂಡಿ.

ಮುಚ್ಚಳ ಮಾತ್ರ ಹಾಕಬೇಡಿ, ಆವಿ ಒಳಗೇ ನಿಂತು ಹೂಕೋಸು ಮತ್ತೆ ಮೆತ್ತಗಾಗುತ್ತೆ. ಉಳಿದಿದ್ದನ್ನ ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಎರಡು ಗಂಟೆ ಒಳಗೆ ಫ್ರಿಜ್‌ಗೆ ಇಡಿ.