ಮೊದಲು ಜಾಗ, ಆಮೇಲೆ ಆಟಗಾರ: ಐಸ್ ಹಾಕಿಯಲ್ಲಿ ರಾಷ್ಟ್ರೀಯ ತಂಡದ ಆಯ್ಕೆ

ಕೇಳುಗರಿಗೆ ನಮಸ್ಕಾರ.

ಒಲಿಂಪಿಕ್ಸ್‌ಗೋ ವಿಶ್ವ ಚಾಂಪಿಯನ್‌ಷಿಪ್‌ಗೋ ಐಸ್ ಹಾಕಿ ತಂಡ ಪ್ರಕಟವಾದ ದಿನ, ಯಾವ ದೇಶದಲ್ಲಾದರೂ ಸರಿ, ಒಂದೇ ಗಲಾಟೆ. ‘ಅಷ್ಟೊಂದು ಗೋಲು ಹೊಡೆದವನನ್ನು ಬಿಟ್ಟು ಇವನನ್ನು ಯಾಕೆ ತೆಗೆದುಕೊಂಡರು?’ ಈ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದೇ ಉತ್ತರ: ಮೊದಲು ಜಾಗ, ಆಮೇಲೆ ಆಟಗಾರ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆಟ ನೋಡದವರಿಗಾಗಿ ಎರಡು ಮಾತು. ರಿಂಕ್, ಅಂದರೆ ಮಂಜುಗಡ್ಡೆಯ ಅಂಗಳದ ಮೇಲೆ ಒಂದು ಕಡೆಗೆ ಆರು ಜನ: ಗೋಲು ಕಾಯುವ ಒಬ್ಬ ಗೋಲಿ, ಇಬ್ಬರು ಡಿಫೆನ್ಸ್, ಮೂವರು ಫಾರ್ವರ್ಡ್. ಆ ಮೂವರಲ್ಲಿ ನಡುವಿನವನು ಸೆಂಟರ್, ಅಕ್ಕಪಕ್ಕದವರು ವಿಂಗರ್. ಚೆಂಡಿನ ಬದಲು ರಬ್ಬರಿನ ಬಿಲ್ಲೆ, ಅದೇ ಪಕ್. ಇಪ್ಪತ್ತು ನಿಮಿಷದ ಮೂರು ಅವಧಿ. ಪೂರ್ತಿ ವೇಗದಲ್ಲಿ ಸ್ಕೇಟ್ ಮಾಡುವವನು ಮುಕ್ಕಾಲು ನಿಮಿಷದಲ್ಲೇ ಸುಸ್ತಾಗುತ್ತಾನೆ. ಆಟ ನಡೆಯುತ್ತಿರುವಾಗಲೇ ಅವನು ಬೆಂಚಿಗೆ ಹಾರುತ್ತಾನೆ, ಇನ್ನೊಬ್ಬ ಒಳಗೆ ಹಾರುತ್ತಾನೆ. ಫಾರ್ವರ್ಡ್‌ಗಳು ಮೂವರು ಮೂವರಾಗಿ, ಡಿಫೆನ್ಸ್‌ನವರು ಜೋಡಿ ಜೋಡಿಯಾಗಿ ಹೀಗೆ ಬದಲಾಗುತ್ತಾರೆ. ಆ ಮೂವರ ಗುಂಪಿಗೆ ಲೈನ್ ಎನ್ನುತ್ತಾರೆ.

ಆದ್ದರಿಂದ ಆಯ್ಕೆಗಾರ ಕೂತ ತಕ್ಷಣ ಹೆಸರು ಬರೆಯಬಾರದು. ಖಾಲಿ ಹಾಳೆಯ ಮೇಲೆ ಮನೆಗಳನ್ನು ಎಳೆಯಬೇಕು. ಮೂರು ಮೂರು ಮನೆಯ ನಾಲ್ಕು ಸಾಲು, ಅಂದರೆ ಹನ್ನೆರಡು ಫಾರ್ವರ್ಡ್. ಎರಡೆರಡು ಮನೆಯ ಮೂರು ಸಾಲು, ಅಂದರೆ ಆರು ಡಿಫೆನ್ಸ್. ಅದರ ಕೆಳಗೆ ಹೆಚ್ಚುವರಿ ಇಬ್ಬರು ಫಾರ್ವರ್ಡ್, ಇಬ್ಬರು ಡಿಫೆನ್ಸ್, ಮತ್ತೆ ಮೂವರು ಗೋಲಿ. ಒಟ್ಟು 25. ಪುರುಷರ ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಜನಕ್ಕೆ ಅವಕಾಶ. ಈಗ ಒಂದೊಂದು ಮನೆಯಲ್ಲೂ ಅಲ್ಲಿಯ ಕೆಲಸವನ್ನು ಬರೆಯಿರಿ. ಮೊದಲ ಎರಡು ಲೈನ್ ಗೋಲು ಹೊಡೆಯಬೇಕು. ಒಂದು ಲೈನ್ ಎದುರಾಳಿಯ ಅತ್ಯುತ್ತಮ ಲೈನನ್ನು ಕಟ್ಟಿಹಾಕಬೇಕು. ನಾಲ್ಕನೆಯದು ಎಂಟು ಹತ್ತು ನಿಮಿಷವಷ್ಟೇ ಆಡಿದರೂ ತಪ್ಪು ಮಾಡಬಾರದು.

ಎಡವುವುದು ಇಲ್ಲೇ. ತನ್ನ ಕ್ಲಬ್ಬಿನಲ್ಲಿ ಇಪ್ಪತ್ತು ನಿಮಿಷ ಆಡಿ, ಪವರ್ ಪ್ಲೇಯಲ್ಲಿ, ಅಂದರೆ ಎದುರಾಳಿಯೊಬ್ಬ ಶಿಕ್ಷೆಗೆ ಹೊರಗಿದ್ದಾಗ, ಗೋಲು ಬಾರಿಸುವವನನ್ನು ತಂದು ನಾಲ್ಕನೇ ಲೈನಿಗೆ ಹಾಕುತ್ತಾರೆ. ಹತ್ತು ನಿಮಿಷ ಬೆಂಚಿನಲ್ಲಿ ಕೂತು ಮೈ ತಣ್ಣಗಾದ ಮೇಲೆ ಎದ್ದು ಆಡಿ ಅವನಿಗೆ ಅಭ್ಯಾಸವಿಲ್ಲ. ಪಕ್ ತಡೆಯಲು ಮೈ ಅಡ್ಡ ಹಾಕುವುದೂ ಅವನ ಕೆಲಸವಾಗಿರಲಿಲ್ಲ. ಆಗ ಅವನೂ ಕೆಡುತ್ತಾನೆ, ಆ ಜಾಗವೂ ಕೆಡುತ್ತದೆ. ಇನ್ನೊಂದು ತಪ್ಪು, ಹೆಸರಾಂತ ಸೆಂಟರ್‌ಗಳನ್ನೆಲ್ಲ ತೆಗೆದುಕೊಂಡು ಉಳಿದವರನ್ನು ವಿಂಗರ್ ಮಾಡುವುದು. ವಿಂಗರ್ ತನ್ನ ವಲಯದಲ್ಲಿ ರಿಂಕಿನ ಸುತ್ತಲಿನ ಗೋಡೆಯ ಪಕ್ಕ ನಿಂತು, ಎದುರಾಳಿಯ ಡಿಫೆನ್ಸ್ ಮೇಲೇರಿ ಬರುತ್ತಿರುವಾಗಲೇ ಪಾಸ್ ಹಿಡಿದು ಪಕ್ಕನ್ನು ಆ ವಲಯದ ಗಡಿಯಾದ ಬ್ಲೂ ಲೈನ್ ದಾಟಿಸಬೇಕು. ನಡುವೆ ಆಡಿ ಬೆಳೆದವರಲ್ಲಿ ಕೆಲವರಿಗೆ ಮಾತ್ರ ಅದು ಒಗ್ಗುತ್ತದೆ.

ಮೊದಲು ಜಾಗ, ಆಮೇಲೆ ಆಟಗಾರ. ಇದಕ್ಕೆ 2014ರ ಸೋಚಿ ಒಲಿಂಪಿಕ್ಸ್‌ನ ಕೆನಡಾ ತಂಡಕ್ಕಿಂತ ಒಳ್ಳೆಯ ಪಾಠ ಸಿಕ್ಕುವುದಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಂಟು ವರ್ಷ ಹಿಂದಕ್ಕೆ ಹೋಗೋಣ. 2006ರಲ್ಲಿ ಟ್ಯೂರಿನ್‌ಗೆ ಕೆನಡಾ ಹೋದದ್ದು ಹಾಲಿ ಚಾಂಪಿಯನ್ ಆಗಿ. ಜೋ ಸ್ಯಾಕಿಕ್, ಜರೋಮ್ ಇಗಿನ್ಲಾ, ಆ ಋತುವಿನಲ್ಲಿ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಆಟಗಾರರ ಅಂಕಪಟ್ಟಿಯ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಸೇರಿ) ತುದಿಗೇರಿದ ಜೋ ಥಾರ್ನ್‌ಟನ್, ಎಲ್ಲರೂ ಇದ್ದರು. ಆಡಿದ ಆರು ಪಂದ್ಯಗಳಲ್ಲಿ ಮೂರರಲ್ಲಿ ಒಂದು ಗೋಲೂ ಬರಲಿಲ್ಲ. ಸ್ವಿಟ್ಜರ್ಲೆಂಡ್, ಫಿನ್ಲೆಂಡ್, ರಷ್ಯಾ, ಮೂರೂ ತಂಡಗಳ ಎದುರು 2–0 ಸೋಲು. ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ.

ಸೋಚಿಗೆ ತಂಡ ಕಟ್ಟಿದವರು ವ್ಯವಸ್ಥಾಪಕ ಸ್ಟೀವ್ ಐಜರ್‌ಮನ್, ಕೋಚ್ ಮೈಕ್ ಬ್ಯಾಬ್‌ಕಾಕ್. ಅಲ್ಲಿಯ ರಿಂಕ್ ಮೂವತ್ತು ಮೀಟರ್ ಅಗಲ. ಎನ್‌ಎಚ್‌ಎಲ್ ರಿಂಕ್ ಸುಮಾರು ಇಪ್ಪತ್ತಾರು ಮೀಟರ್. ಆ ನಾಲ್ಕು ಮೀಟರಿನಿಂದ ಡಿಫೆನ್ಸ್‌ನವನು ಗೋಡೆಗೆ ಓಡಬೇಕಾದ ದೂರ ಹೆಚ್ಚುತ್ತದೆ. ನಿಧಾನ ತಿರುಗುವವನು ಅಲ್ಲಿ ಸಿಕ್ಕಿಬೀಳುತ್ತಾನೆ. ಹಾಗಾಗಿ ಡಿಫೆನ್ಸ್ ಮನೆಗಳಲ್ಲಿ ಮೊದಲು ಬರೆಯಬೇಕಾದ ಗುಣ, ಚೆನ್ನಾಗಿ ಸ್ಕೇಟ್ ಮಾಡುವುದು.

ಎರಡನೆಯ ಗುಣ, ಸ್ಟಿಕ್ ಹಿಡಿಯುವ ಕೈ. ಮೈದಾನದ ಹಾಕಿಯಲ್ಲಿ ಎಲ್ಲರ ಸ್ಟಿಕ್ಕೂ ಒಂದೇ ಬಗೆಯದು. ಐಸ್ ಹಾಕಿಯಲ್ಲಿ ಎಡ, ಬಲ ಬೇರೆ ಬೇರೆ. ಎಡ ಸ್ಟಿಕ್ಕಿನವನು ಎಡಗಡೆ ನಿಂತರೆ ಗೋಡೆಯ ಉದ್ದಕ್ಕೂ ಬರುವ ಪಕ್ ನೇರವಾಗಿ ಅವನ ಫೋರ್‌ಹ್ಯಾಂಡಿಗೆ ಸಿಗುತ್ತದೆ. ಬಲ ಸ್ಟಿಕ್ಕಿನವನನ್ನು ಅಲ್ಲಿ ನಿಲ್ಲಿಸಿದರೆ ಅವನು ಬ್ಯಾಕ್‌ಹ್ಯಾಂಡಿನಲ್ಲಿ ಹಿಡಿಯಬೇಕು, ಇಲ್ಲವೇ ಮೈ ತಿರುಗಿಸಬೇಕು. ಹೋಗುವುದು ಅರ್ಧ ಸೆಕೆಂಡು. ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ, ಪಾಸ್ ತಪ್ಪುತ್ತದೆ. ಬ್ಯಾಬ್‌ಕಾಕ್ ಇದರಲ್ಲಿ ರಾಜಿಯಾಗಲಿಲ್ಲ. ಎಂಟು ಡಿಫೆನ್ಸ್‌ನಲ್ಲಿ ನಾಲ್ಕು ಎಡ, ನಾಲ್ಕು ಬಲ. ಜೋಡಿಗಳೂ ಹಾಗೆಯೇ: ಡಂಕನ್ ಕೀತ್ ಜೊತೆ ಶೇ ವೆಬರ್, ವ್ಲಾಸಿಕ್ ಜೊತೆ ಡೌಟಿ, ಬೌಮೀಸ್ಟರ್ ಜೊತೆ ಪಿಯೆಟ್ರಾಂಜಲೊ. ಕೊನೆಯ ಜೋಡಿ ಸೇಂಟ್ ಲೂಯಿಸ್ ಕ್ಲಬ್ಬಿನಲ್ಲೂ ಜೋಡಿಯೇ. ಹಿಂದಿನ ಋತುವಿನ ಶ್ರೇಷ್ಠ ಡಿಫೆನ್ಸ್ ಆಟಗಾರನೆಂದು ನಾರಿಸ್ ಟ್ರೋಫಿ ಗೆದ್ದ ಪಿ. ಕೆ. ಸುಬ್ಬನ್ ಆಡಿದ್ದು ಒಂದೇ ಪಂದ್ಯ. ಯಾಕೆಂದರೆ ಬಲಗಡೆಯ ಮೂರು ಮನೆಗಳೂ ತುಂಬಿದ್ದವು, ಅಲ್ಲಿ ಕೂತವರು ತಮ್ಮ ಕೆಲಸ ಮಾಡುತ್ತಿದ್ದರು.

ದೊಡ್ಡ ಗಲಾಟೆ ಎದ್ದದ್ದು ಮಾತ್ರ ಕ್ರಿಸ್ ಕ್ಯೂನಿಟ್ಜ್ ಹೆಸರಿಗೆ. ಇವರು ಕ್ಲಬ್ಬುಗಳು ಹೊಸ ಆಟಗಾರರನ್ನು ಆರಿಸುವ ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಆಟಗಾರ. ಹಿಂದಿನ ಋತುವಿನಲ್ಲಿ ಲೀಗಿನಲ್ಲೇ ಅತಿ ಹೆಚ್ಚು ಅಂಕ ಗಳಿಸಿದ ಮಾರ್ಟಿನ್ ಸೇಂಟ್ ಲೂಯಿಗೆ ಮೊದಲ ಪಟ್ಟಿಯಲ್ಲಿ ಜಾಗವಿಲ್ಲ, ಕ್ಯೂನಿಟ್ಜ್‌ಗೆ ಇದೆ! ಕಾರಣ ಸರಳ. ಸೆಂಟರ್ ಸಿಡ್ನಿ ಕ್ರಾಸ್ಬಿಯ ಎಡಗಡೆ ಒಂದು ಮನೆ ಖಾಲಿಯಿತ್ತು. ಪಿಟ್ಸ್‌ಬರ್ಗ್ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಆ ಮನೆಯಲ್ಲಿ ಆಡಿದವರೇ ಕ್ಯೂನಿಟ್ಜ್. ಮೂಲೆಗೆ ಹೋಗಿ ಪಕ್ ಕಿತ್ತು ತರುವುದು, ಗೋಲಿಯ ಮುಂದೆ ನಿಂತು ಅವನ ಕಣ್ಣು ಮರೆಸುವುದು, ಕ್ರಾಸ್ಬಿ ಯಾವಾಗ ಪಾಸ್ ಕೊಡುತ್ತಾನೆಂದು ಮೊದಲೇ ತಿಳಿಯುವುದು, ಇದು ಅವರ ಕೆಲಸ. ಇಂಥ ಟೂರ್ನಿಯಲ್ಲಿ ತಂಡ ಒಟ್ಟಿಗೆ ಅಭ್ಯಾಸ ಮಾಡಲು ಸಿಗುವುದು ಬೆರಳೆಣಿಕೆಯ ದಿನ. ಹೊಂದಾಣಿಕೆಯನ್ನು ಅಲ್ಲಿ ಬೆಳೆಸಲು ಆಗುವುದಿಲ್ಲ, ಬೆಳೆದದ್ದನ್ನೇ ಕರೆದುಕೊಂಡು ಹೋಗಬೇಕು. ಆ ಲೈನಿನ ಬಲಗಡೆಗೆ ಕೊನೆಗೆ ಬಂದದ್ದು ಪ್ಯಾಟ್ರಿಸ್ ಬರ್ಜರಾನ್. ಅವರು ಸೆಂಟರ್, ಗೋಡೆಯ ಪಕ್ಕದ ಆಟವೂ ಒಗ್ಗಿದ ಅಪರೂಪದವರು.

ಫಲಿತಾಂಶ ಕೇಳಿ. ಆರು ಪಂದ್ಯ, ಆರೂ ಗೆಲುವು, ಬಿಟ್ಟುಕೊಟ್ಟ ಗೋಲು ಒಟ್ಟು ಮೂರು. ಲಾಟ್ವಿಯಾ ಎದುರು 2–1, ಸೆಮಿಫೈನಲ್‌ನಲ್ಲಿ ಅಮೆರಿಕದ ಎದುರು 1–0, ಫೈನಲ್‌ನಲ್ಲಿ ಸ್ವೀಡನ್ ಎದುರು 3–0. ಟೂರ್ನಿಯುದ್ದಕ್ಕೂ ಟೀಕೆ ತಿಂದ ಕ್ಯೂನಿಟ್ಜ್ ಫೈನಲ್‌ನ ಮೂರನೇ ಗೋಲು ಹೊಡೆದರು. ನನಗೆ ಆ ಗೋಲಿಗಿಂತ, ಬಿಟ್ಟುಕೊಟ್ಟದ್ದು ಮೂರೇ ಎಂಬ ಅಂಕಿ ಮುಖ್ಯ. ಪ್ರತಿಯೊಂದು ಮನೆಯಲ್ಲೂ ಆ ಮನೆಯ ಕೆಲಸ ಬಲ್ಲವನಿದ್ದರೆ ಎದುರಾಳಿಗೆ ನುಗ್ಗಲು ಸಂದಿಯೇ ಸಿಗುವುದಿಲ್ಲ. ಅಂಕಪಟ್ಟಿ ಹಿಡಿದು ವಾದಕ್ಕೆ ಬರುವವರು ದಯವಿಟ್ಟು ಈ ಆರು ಪಂದ್ಯಗಳನ್ನು ನೋಡಿ ಬರಲಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಪೆನಾಲ್ಟಿ ಕಿಲ್. ಸಣ್ಣ ತಪ್ಪಿಗೆ ಎರಡು ನಿಮಿಷ ಹೊರಗೆ, ನಾಲ್ವರೇ ಐವರನ್ನು ತಡೆಯಬೇಕು. ಇಬ್ಬಿಬ್ಬರು ಫಾರ್ವರ್ಡ್‌ಗಳ ಎರಡು ಜೋಡಿ ಸಾಕು ಎಂದುಕೊಳ್ಳುತ್ತಾರೆ. ಶಿಕ್ಷೆಗೆ ಹೋದವನೇ ಅವರಲ್ಲೊಬ್ಬನಾದರೆ? ಮೂರು ಜೋಡಿ ಬೇಕು. ಜೊತೆಗೆ ಫೇಸ್‌ಆಫ್, ಅಂದರೆ ಇಬ್ಬರ ನಡುವೆ ಪಕ್ ಬಿಟ್ಟು ಆಟ ಶುರುಮಾಡುವಾಗ ಅದನ್ನು ಗೆಲ್ಲುವ ಸೆಂಟರ್‌ಗಳಲ್ಲಿ ಒಬ್ಬ ಎಡ ಸ್ಟಿಕ್ಕಿನವನು, ಒಬ್ಬ ಬಲ ಸ್ಟಿಕ್ಕಿನವನು ಇರಲಿ.

ಗೋಲಿ. ಒಲಿಂಪಿಕ್ಸ್‌ನಲ್ಲಿ ಪಂದ್ಯ ಕಡಿಮೆ, ಒಬ್ಬನೇ ನಿಭಾಯಿಸಬಲ್ಲ. ಸೋಚಿಯಲ್ಲಿ ಕ್ಯಾರಿ ಪ್ರೈಸ್ ಐದು ಪಂದ್ಯ ಆಡಿದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗುಂಪಿನ ಹಂತದಲ್ಲೇ ಏಳು ಪಂದ್ಯ, ಚಿನ್ನಕ್ಕೆ ಹತ್ತು. ಅಲ್ಲಿ ಎರಡನೆಯವನೂ ನಿಜವಾಗಿ ಆಡುವವನೇ ಆಗಿರಬೇಕು. ಮೂರನೆಯವನು ಒಂದು ನಿಮಿಷವೂ ಆಡದೆ ಅಭ್ಯಾಸದಲ್ಲಿ ಮೈ ಬಗ್ಗಿಸುವವನಾಗಿರಲಿ.

ವಿಶ್ವ ಚಾಂಪಿಯನ್‌ಷಿಪ್ ನಡೆಯುವುದು ಮೇ ತಿಂಗಳಲ್ಲಿ, ಎನ್‌ಎಚ್‌ಎಲ್‌ನ ಕೊನೆಯ ಹಂತವಾದ ಪ್ಲೇಆಫ್ ನಡೆಯುತ್ತಿರುವಾಗಲೇ. 25 ಹೆಸರನ್ನೂ ಮೊದಲೇ ತುಂಬಬೇಡಿ. ಒಂದೆರಡು ಮನೆ ಖಾಲಿ ಬಿಟ್ಟರೆ, ಪ್ಲೇಆಫ್‌ನಲ್ಲಿ ಸೋತು ಬಿಡುವಾದವನನ್ನು ನಡುವೆ ಸೇರಿಸಿಕೊಳ್ಳಬಹುದು. ಮೊದಲು ಬೇರೆ ದೇಶಕ್ಕೆ ಆಡಿದವನಾದರೆ ಕಾಗದಪತ್ರ ನೋಡಿಕೊಳ್ಳಿ. ಹೊಸ ದೇಶದ ಲೀಗಿನಲ್ಲಿ ಸತತ ನಾಲ್ಕು ವರ್ಷ ಆಡಿರಬೇಕೆಂಬ ನಿಯಮವಿದೆ.

ಕೊನೆಯದು, ಕಾಯ್ದಿರಿಸಿದ ಪಟ್ಟಿ. ಅದನ್ನೂ ಜಾಗದ ಪ್ರಕಾರವೇ ಬರೆಯಿರಿ: ಎಡ ಡಿಫೆನ್ಸ್ ಬಿದ್ದರೆ ಯಾರು, ಪೆನಾಲ್ಟಿ ಕಿಲ್ ಸೆಂಟರ್ ಬಿದ್ದರೆ ಯಾರು, ಗೋಲು ಹೊಡೆಯುವವನು ಬಿದ್ದರೆ ಯಾರು. ಸೋಚಿಗೆ ಮುನ್ನ ಸ್ಟೀವನ್ ಸ್ಟ್ಯಾಮ್‌ಕೋಸ್ ಕಾಲಿನ ಮುರಿತ ಗುಣವಾಗಲಿಲ್ಲ. ಗೋಲು ಹೊಡೆಯುವವನ ಮನೆ ಖಾಲಿಯಾಯಿತು, ಮೊದಲ ಪಟ್ಟಿಯಲ್ಲಿ ಇರದಿದ್ದ ಸೇಂಟ್ ಲೂಯಿಗೆ ಕರೆ ಹೋದದ್ದು ಆಗಲೇ.

ನಮಸ್ಕಾರ.