ಮನೆಯ ಕತ್ತಿ, ಮನೆಯ ಮಸೆಗಲ್ಲು

ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಕೈಗಾರಿಕಾ ತರಬೇತಿ ಸಂಸ್ಥೆಯ ಫಿಟ್ಟರ್ ವಿಭಾಗದಲ್ಲಿ ಹುಡುಗರಿಗೆ ಅರ ಹಿಡಿಯುವುದನ್ನು, ಉಳಿ ಮಸೆಯುವುದನ್ನು ಕಲಿಸುತ್ತಲೇ ನನ್ನ ಸೇವಾವಧಿ ಕಳೆಯಿತು. ಮರೆಯಾಗುತ್ತಿರುವ ಕೈಕೆಲಸಗಳ ಬಗ್ಗೆ ಮಾತನಾಡಬೇಕೆಂದು ನಿಲಯದವರು ಕೇಳಿದಾಗ ಸಂತೋಷದಿಂದ ಒಪ್ಪಿಕೊಂಡೆ. ಆದರೆ ಹತ್ತಾರು ಕೆಲಸಗಳ ಹೆಸರು ಹೇಳಿ ನಿಟ್ಟುಸಿರು ಬಿಡುವುದಕ್ಕಿಂತ ಒಂದೇ ಕೆಲಸವನ್ನು ಗಟ್ಟಿಯಾಗಿ ಹಿಡಿದು ಮಾತನಾಡುತ್ತೇನೆಂದು ಅವರಿಗೆ ತಿಳಿಸಿದೆ. ಆ ಕೆಲಸ ಕತ್ತಿ ಮಸೆಯುವುದು. ನಾನು ಹೇಳಬೇಕಾದದ್ದು ಇಷ್ಟೇ: ಮನೆಯ ಕತ್ತಿಯನ್ನು ಮನೆಯಲ್ಲಿಯೇ ಮಸೆಯಬೇಕು, ಮಸೆಯಲು ಬರುವವರು ಪ್ರತಿ ಮನೆಯಲ್ಲಿಯೂ ಒಬ್ಬರಾದರೂ ಇರಬೇಕು.

ಈ ಹೊತ್ತಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟುಕೊಂಡು ತರಕಾರಿ ಹೆಚ್ಚುತ್ತಿರುವ ತಾಯಂದಿರು ಇದನ್ನು ಕೇಳುತ್ತಿರಬಹುದು. ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಪೇಟೆಯಿಂದ ತಂದ ಬಂಗಡೆಯನ್ನು ಶುಚಿ ಮಾಡಲು ಕುಳಿತವರು ಕೇಳುತ್ತಿರಬಹುದು. ತಮ್ಮಲ್ಲಿ ಒಂದು ವಿನಂತಿ. ತಮ್ಮ ಕೈಯಲ್ಲಿರುವ ಚಾಕುವನ್ನು ಹಣ್ಣಾದ ಒಂದು ಟೊಮೆಟೊದ ಮೇಲೆ ಒತ್ತದೆ, ಬರಿದೇ ಎಳೆದು ನೋಡಿ. ಸಿಪ್ಪೆ ತಾನಾಗಿ ಬಿಚ್ಚಿಕೊಂಡರೆ ಚಾಕು ಹರಿತವಾಗಿದೆ. ಸಿಪ್ಪೆ ಒಳಕ್ಕೆ ತಗ್ಗಿ, ಆಮೇಲೆ ಹಿಸುಕಿ ಒಡೆದರೆ ಅದು ಮೊಂಡಾಗಿದೆ. ಹತ್ತು ಮನೆಗಳಲ್ಲಿ ಈ ಪರೀಕ್ಷೆ ನಡೆದರೆ ಹೆಚ್ಚಿನ ಮನೆಗಳಲ್ಲಿ ಟೊಮೆಟೊ ಹಿಸುಕಿಹೋಗುತ್ತದೆಂದು ನಾನು ನಂಬಿದ್ದೇನೆ, ಏಕೆಂದರೆ ನೆಂಟರ ಮನೆಗೆ ಹೋದಾಗಲೆಲ್ಲ ನಾನು ಮೊದಲು ನೋಡುವುದು ಅವರ ಅಡುಗೆಮನೆಯ ಚಾಕುವನ್ನೇ.

ಹರಿತವಾದ ಕತ್ತಿ ಅಪಾಯ, ಮೊಂಡಾದದ್ದೇ ಕ್ಷೇಮ ಎಂದು ಬಹಳ ಜನ ತಿಳಿದಿದ್ದಾರೆ. ಇದು ಪೂರ್ತಿ ತಪ್ಪು. ಮೊಂಡು ಕತ್ತಿಗೆ ನಾವು ಹೆಚ್ಚು ಬಲ ಹಾಕುತ್ತೇವೆ. ಬಲ ಹಾಕಿದ ಕತ್ತಿ ಜಾರಿದರೆ ಅದೇ ಬಲದೊಡನೆ ಬೆರಳಿನ ಮೇಲೆ ಬರುತ್ತದೆ. ಈರುಳ್ಳಿ ಹೆಚ್ಚುವಾಗ ಕಣ್ಣಿನ ಉರಿ ಜಾಸ್ತಿಯಾಗುವುದೂ ಮೊಂಡು ಚಾಕುವಿನ ದೆಸೆಯಿಂದಲೇ. ಹರಿತವಾದ ಅಲಗು ಈರುಳ್ಳಿಯ ಕೋಶಗಳನ್ನು ನಯವಾಗಿ ಸೀಳಿ ಮುಂದೆ ಹೋಗುತ್ತದೆ, ಮೊಂಡಾದದ್ದು ಅವುಗಳನ್ನು ಜಜ್ಜುತ್ತದೆ, ಜಜ್ಜಿದಷ್ಟೂ ಕಣ್ಣಿಗೆ ಖಾರವಾದ ಆವಿ ಹೆಚ್ಚು ಹೊರಬರುತ್ತದೆ. ಆದ್ದರಿಂದ ಮನೆಯ ಕತ್ತಿಯನ್ನು ಮನೆಯಲ್ಲಿಯೇ ಮಸೆಯಬೇಕೆಂದು ನಾನು ಹೇಳುವುದು ಹಳೆಯ ಕಾಲದ ಮೋಹದಿಂದಲ್ಲ; ಇಂದಿನ ಅಡುಗೆಮನೆಯ ಬೆರಳು ಮತ್ತು ಕಣ್ಣುಗಳ ಸಲುವಾಗಿ.

"ಮಸೆಯುವುದೇನು ಮಹಾ, ವೆಲ್ಡಿಂಗ್ ಅಂಗಡಿಗೆ ಕೊಟ್ಟರೆ ಯಂತ್ರದ ಚಕ್ರಕ್ಕೆ ಹಿಡಿದು ಎರಡು ನಿಮಿಷದಲ್ಲಿ ಕೊಡುತ್ತಾರೆ" ಎನ್ನುವವರಿದ್ದಾರೆ. ಅವರಿಗಾಗಿ ಶಿರಸಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅದು ಮಳೆಗಾಲದ ಆರಂಭ. ಕೊಟ್ಟಿಗೆಗೆ ಹಾಕಲು ಬೆಟ್ಟದಿಂದ ಹಸಿ ಸೊಪ್ಪು ತರುವ ದಿನಗಳು. ನನ್ನ ಪರಿಚಯದ ತೋಟದ ಮನೆಯೊಂದರ ಯುವಕ ಮನೆಯಲ್ಲಿದ್ದ ಸೊಪ್ಪು ಕಡಿಯುವ ಕತ್ತಿಗಳನ್ನೆಲ್ಲ ಪೇಟೆಗೆ ಒಯ್ದು ವಿದ್ಯುತ್ ಚಕ್ರಕ್ಕೆ ಹಿಡಿಸಿ ತಂದಿದ್ದ. ಅಲಗುಗಳು ಫಳಫಳ ಹೊಳೆಯುತ್ತಿದ್ದವು. ಬೆಳಿಗ್ಗೆ ಬೆಟ್ಟಕ್ಕೆ ಹೋದ ಆಳುಗಳು ಮಧ್ಯಾಹ್ನದ ಊಟಕ್ಕೆ ಬಂದಾಗ ಕತ್ತಿಗಳನ್ನು ಜಗುಲಿಯ ಮೇಲೆ ಸಾಲಾಗಿ ಇಟ್ಟು, ಇವುಗಳಿಂದ ಕೆಲಸ ಸಾಗುವುದಿಲ್ಲವೆಂದು ಹೇಳಿಬಿಟ್ಟರು. ನಾನು ಒಂದನ್ನು ಎತ್ತಿ ನೋಡಿದೆ. ಅಲಗು ಅಲ್ಲಲ್ಲಿ ಮಡಚಿಕೊಂಡಿತ್ತು. ಅಂಚಿಗೆ ಅರ ತಾಗಿಸಿದರೆ ಅದು ಮೆತ್ತನೆಯ ಕಬ್ಬಿಣವನ್ನು ಕಚ್ಚಿದ ಹಾಗೆ ಕಚ್ಚಿತು. ಹದವಿರುವ ಉಕ್ಕಿನ ಮೇಲೆ ಅರ ಹಾಗೆ ಕಚ್ಚುವುದಿಲ್ಲ, ಜಾರುತ್ತದೆ. ಅಂಚಿನುದ್ದಕ್ಕೂ ಎಳೆ ನೀಲಿಯ ಒಂದು ಪಟ್ಟಿ ಕಾಣುತ್ತಿತ್ತು.

ಪಕ್ಕದ ಊರಿನಲ್ಲಿ ಕುಲುಮೆ ಇಟ್ಟುಕೊಂಡಿದ್ದ ವಯಸ್ಸಾದ ಆಚಾರಿಯವರ ಬಳಿಗೆ ನಾವಿಬ್ಬರೂ ಹೋದೆವು. ಅವರು ಕತ್ತಿಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಸಣ್ಣ ಹೆಗಡೇರೇ, ಇದನ್ನು ಸುಟ್ಟುಬಿಟ್ಟೀರಿ" ಎಂದರು. "ಬೆಂಕಿಗೇ ಹಾಕಲಿಲ್ಲವಲ್ಲ ಆಚಾರ್ರೇ" ಎಂದ ಯುವಕ. "ಚಕ್ರದಿಂದ ಹಾರುವ ಕಿಡಿ ಬೆಂಕಿಯಲ್ಲವೇ?" ಎಂದು ಅವರು ಕೇಳಿದರು.

ಅವರು ಹೇಳಿದ್ದು ಅಕ್ಷರಶಃ ನಿಜ. ನಮ್ಮ ಕಡೆಯ ಕತ್ತಿಗಳನ್ನು ಹೆಚ್ಚಾಗಿ ಲಾರಿಯ ಕಮಾನು ಪಟ್ಟಿಯ ಉಕ್ಕಿನಿಂದ ಬಡಿದು ಮಾಡುತ್ತಾರೆ. ಆ ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಅದು ಗಡಸಾಗುತ್ತದೆ. ಮತ್ತೆ ಹದವರಿತು ಸ್ವಲ್ಪ ಕಾಯಿಸಿದಾಗ ಪೆಡಸುತನ ಬಿಟ್ಟು ಬಾಳಿಕೆ ಪಡೆಯುತ್ತದೆ. ಈ ಎರಡನೆಯ ಕಾವಿನಲ್ಲಿ ಉಜ್ಜಿದ ಉಕ್ಕಿನ ಮೈ ಬಣ್ಣ ಬದಲಿಸುತ್ತದೆ: ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಒಣಹುಲ್ಲಿನ ಹಳದಿ, 250ರ ಸುಮಾರಿಗೆ ಕಂದು, 280ರ ಸುಮಾರಿಗೆ ನೇರಳೆ, 300ರ ಹತ್ತಿರ ನೀಲಿ. ಬೇಗನೆ ತಿರುಗುವ ಒಣ ಚಕ್ರಕ್ಕೆ ತೆಳುವಾದ ಅಲಗನ್ನು ಒತ್ತಿ ಹಿಡಿದರೆ ಅದು ಕೆಲವೇ ಕ್ಷಣಗಳಲ್ಲಿ ಈ ನೀಲಿಯನ್ನು ದಾಟುತ್ತದೆ, ಅಲ್ಲಿಗೆ ಅಂಚಿನ ಹದ ಮುಗಿಯಿತು. ಅನಂತರ ಅದನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಆಚಾರಿಯವರು ಆ ಕೆಲಸವನ್ನು ಸಂಜೆಯವರೆಗೆ ಮುಟ್ಟಲಿಲ್ಲ. ಕಾದ ಉಕ್ಕಿನ ಕೆಂಪು ಹಗಲ ಬೆಳಕಿನಲ್ಲಿ ಸರಿಯಾಗಿ ತಿಳಿಯುವುದಿಲ್ಲವೆಂದು ಹೇಳಿ ನಮ್ಮನ್ನು ಕೂರಿಸಿಕೊಂಡರು. ಕತ್ತಲು ಕವಿದ ಮೇಲೆ ತಿದಿ ಒತ್ತಿ, ಇದ್ದಿಲ ಕೆಂಡದಲ್ಲಿ ಕತ್ತಿಯನ್ನು ಒಂದೇ ಸಮನೆ ಕಾಯಿಸಿ, ಅಲಗಿನ ಅಂಚನ್ನು ಮಾತ್ರ ನೀರಿಗೆ ಇಳಿಸಿದರು. ಹೊರಕ್ಕೆ ತೆಗೆದವರೇ ಕಲ್ಲಿನ ಚೂರೊಂದರಿಂದ ಅಂಚನ್ನು ಸರಸರನೆ ಉಜ್ಜಿ, ಎಣ್ಣೆ ದೀಪದ ಹತ್ತಿರ ಹಿಡಿದರು. ಕತ್ತಿಯ ಬೆನ್ನಿನಲ್ಲಿ ಉಳಿದಿದ್ದ ಕಾವು ನಿಧಾನವಾಗಿ ಅಂಚಿನತ್ತ ಇಳಿಯುತ್ತಿರಲು, ಮೊದಲು ಹಳದಿಯ ಗೆರೆ ಮೂಡಿತು, ಅದರ ಹಿಂದೆಯೇ ಕಂದು ಬಂತು. ಕಂದು ನೇರಳೆಗೆ ತಿರುಗುವ ಹೊತ್ತಿಗೆ ಅವರು ಕತ್ತಿಯನ್ನು ಮತ್ತೆ ನೀರಿಗೆ ಅದ್ದಿದರು. ಮೂರು ಎಣಿಸುವಷ್ಟು ತಡವಾಗಿದ್ದರೆ ಮತ್ತೆ ನೀಲಿ ಬಂದುಬಿಡುತ್ತಿತ್ತು. ಉಷ್ಣತೆ ಅಳೆಯುವ ಯಾವ ಸಾಧನವೂ ಅಲ್ಲಿರಲಿಲ್ಲ. ತರಬೇತಿ ಸಂಸ್ಥೆಯ ಪಠ್ಯದಲ್ಲಿ ಕೋಷ್ಟಕ ಹಾಕಿ ನಾನು ಕಲಿಸುತ್ತಿದ್ದ ಪಾಠವನ್ನು ಆ ಹಿರಿಯರು ಕಣ್ಣಿನಿಂದಲೇ ಓದುತ್ತಿದ್ದರು. ಅದನ್ನು ನೋಡಿದಾಗ ನನಗಾದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಹದ ಕೊಟ್ಟು ಮುಗಿದ ಮೇಲೆ ಅವರು ಕತ್ತಿಯನ್ನು ತಾವೇ ಮಸೆದುಕೊಡಲಿಲ್ಲ. ಮೂಲೆಯಿಂದ ಉದ್ದನೆಯ ಮರದ ಹಲಗೆಯೊಂದನ್ನು ತೆಗೆದು, ಅದರ ಮೇಲೆ ನುಣ್ಣಗೆ ಕುಟ್ಟಿದ ಬೆಣಚುಕಲ್ಲಿನ ಪುಡಿಯನ್ನು ಉದುರಿಸಿ, ಯುವಕನ ಕೈಗೆ ಕತ್ತಿ ಕೊಟ್ಟು, "ತೀಡಿ" ಎಂದರು. ಬೆಣಚುಕಲ್ಲು ಗಡಸು ಉಕ್ಕನ್ನೂ ಸವೆಸಬಲ್ಲದು. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪನದಲ್ಲಿ ಅದಕ್ಕೆ 7ನೆಯ ಸ್ಥಾನ. ಹಲಗೆಯ ಮೇಲೆ ಕೈಯಿಂದ ತೀಡುವಾಗ ಹದ ಕೆಡುವಷ್ಟು ಕಾವು ಏರುವುದಿಲ್ಲ. ಬೆಟ್ಟದ ಕಲ್ಲು, ತೋಟದ ಮರ, ಎರಡು ಕೈ. ಇಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಯುವಕ ಬೆವರಿಳಿಯುವ ತನಕ ತೀಡಿದ. ಆಚಾರಿಯವರು ಪಕ್ಕದಲ್ಲಿ ಕುಳಿತು ಅವನ ಮಣಿಕಟ್ಟನ್ನು ನೋಡುತ್ತ, ಅದು ಅಲುಗಿದಾಗಲೆಲ್ಲ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಆ ಮನೆಯ ಕತ್ತಿಗಳು ಮತ್ತೆಂದೂ ಚಕ್ರದ ಬಳಿಗೆ ಹೋಗಿಲ್ಲ. ಕತ್ತಿ ಮನೆಯದಾದರೆ ಮಸೆಯುವ ಕೈಯೂ ಮನೆಯದೇ ಆಗಿರಬೇಕು.

ಈ ಪ್ರಸಂಗಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ತಮಗೆ ಹಲಗೆಯೂ ಬೇಡ, ಬೆಣಚಿನ ಪುಡಿಯೂ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮುಖ ಒರಟಾಗಿಯೂ ಇನ್ನೊಂದು ಮುಖ ನಯವಾಗಿಯೂ ಇರುವ ಕಾರ್ಬೊರಂಡಮ್ ಕಲ್ಲನ್ನು ಕೇಳಿ ಕೊಂಡುಕೊಳ್ಳಿ. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ವಿದ್ಯುತ್ ಕಾವಿನಿಂದ ಪಡೆದ ಈ ಪದಾರ್ಥ ಬೆಣಚುಕಲ್ಲಿಗಿಂತಲೂ ಬಹಳ ಗಡಸು. ಕಲ್ಲನ್ನು ನೀರಿನಲ್ಲಿ ನೆನೆಸಿ, ಜಾರದಂತೆ ಒದ್ದೆ ಬಟ್ಟೆಯ ಮೇಲೆ ಇಟ್ಟುಕೊಳ್ಳಿ. ಚಾಕುವನ್ನು ಯಾವ ಕೋನದಲ್ಲಿ ಹಿಡಿಯಬೇಕೆಂಬುದೇ ಎಲ್ಲರ ಪ್ರಶ್ನೆ. ಒಂದು ಕಾಗದದ ಮೂಲೆಯನ್ನು ತೆಗೆದುಕೊಂಡು ಅಂಚಿಗೆ ಅಂಚು ಕೂಡುವಂತೆ ಒಮ್ಮೆ ಮಡಚಿದರೆ 45 ಡಿಗ್ರಿ, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ ಡಿಗ್ರಿ. ಅಡುಗೆಮನೆಯ ಚಾಕುವಿಗೆ ಸುಮಾರು ಅಷ್ಟೇ ಕೋನ ಸಾಕು. ಆ ಮಡಿಕೆಯನ್ನು ಕಲ್ಲಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ನೋಡುತ್ತ ಮಸೆಯಿರಿ.

ಒರಟು ಮುಖದ ಮೇಲೆ ಒಂದೇ ಬದಿಯನ್ನು ತೀಡುತ್ತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಎದುರು ಬದಿಯ ಅಂಚಿನಲ್ಲಿ ಉಕ್ಕಿನ ತೆಳುವಾದ ಮಡಿಕೆಯೊಂದು ಏಳುತ್ತದೆ. ಅದು ಕಣ್ಣಿಗೆ ಕಾಣದು. ಹೆಬ್ಬೆರಳಿನ ಉಗುರನ್ನು ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಮೆಲ್ಲನೆ ಸರಿಸಿದರೆ ತಡೆಯುತ್ತದೆ. ಹಿಡಿಯಿಂದ ಮೊನೆಯವರೆಗೆ ಎಲ್ಲ ಕಡೆಯೂ ಅದು ತಡೆಯುವ ತನಕ ಬದಿ ಬದಲಿಸಬೇಡಿ. ಹೆಚ್ಚಿನವರು ಬೇಸರಗೊಂಡು ಕೈಬಿಡುವುದು ಇಲ್ಲಿಯೇ, ಇನ್ನೇನು ಕೆಲಸ ಕೈಗೂಡುವ ಹೊತ್ತಿಗೆ. ಅನಂತರ ಇನ್ನೊಂದು ಬದಿಯನ್ನು ಹಾಗೆಯೇ ತೀಡಿ, ನಯವಾದ ಮುಖದ ಮೇಲೆ ಎರಡೂ ಬದಿಗಳನ್ನು ಹಗುರವಾಗಿ ಸರಿಸಿದರೆ ಆ ಮಡಿಕೆ ಉದುರಿಹೋಗುತ್ತದೆ. ಕೊನೆಗೆ ಅಲಗನ್ನು ದೀಪದ ಕೆಳಗೆ ಮೇಲ್ಮುಖವಾಗಿ ಹಿಡಿದು ನೋಡಿ. ಮೊಂಡು ಉಳಿದಿರುವ ಜಾಗ ಬಿಳಿಯ ಚುಕ್ಕೆಯಾಗಿ ಮಿನುಗುತ್ತದೆ. ಹರಿತವಾದ ಅಂಚಿನಿಂದ ಬೆಳಕು ಹಿಂತಿರುಗುವುದಿಲ್ಲ. ಸೊಪ್ಪು, ಕಟ್ಟಿಗೆ ಕಡಿಯುವ ಕತ್ತಿಗೆ ಮಾತ್ರ ಕೋನವನ್ನು ಇನ್ನಷ್ಟು ಎತ್ತಿ ಹಿಡಿಯಬೇಕು, ಇಲ್ಲವಾದರೆ ಅಲಗು ಚಕ್ಕೆ ಏಳುತ್ತದೆ. ಮೆಟ್ಟುಗತ್ತಿ ಮಣೆಗೆ ಜೋಡಿಸಿದ್ದಾದುದರಿಂದ, ಅದಕ್ಕೆ ಕತ್ತಿಯನ್ನು ಕಲ್ಲಿನ ಬಳಿಗೆ ತರುವ ಬದಲು ಸಣ್ಣ ಕಲ್ಲನ್ನೇ ಕೈಯಲ್ಲಿ ಹಿಡಿದು ಅಲಗಿನ ಮೇಲೆ ಸರಿಸಿದರಾಯಿತು.

ಈ ಕೆಲಸ ನಮ್ಮ ಮನೆಗಳಿಂದ ಹೋದದ್ದು ಏಕೆ? ಅಗ್ಗದ ಚಾಕು ಬಂತು, ಮೊಂಡಾದರೆ ಎಸೆಯುವ ಅಭ್ಯಾಸ ಬಂತು. ಅಡಿಕೆ ಸುಲಿಯಲು ಯಂತ್ರ ಬಂತು, ಅದು ಬಂದದ್ದು ಒಳ್ಳೆಯದೇ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಊರೂರಿಗೆ ಬರುತ್ತಿದ್ದ ಸಾಣೆಯವರು ಅಪರೂಪವಾದರು. ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬಿನ ಮೂಲಕವೇ ಪಾಠ ನಡೆಯಬೇಕೆಂದು ಹೇಳಿತ್ತು. ಇಂದು ಪರೀಕ್ಷೆಯ ಅಂಕಗಳ ಭರದಲ್ಲಿ ಶಾಲೆಯ ವೇಳಾಪಟ್ಟಿಯಿಂದ ಮೊದಲು ಜಾರುವುದು ಕೈಕೆಲಸದ ತಾಸೇ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ ಕಮ್ಮಾರಿಕೆಯೂ ಸೇರಿದಂತೆ 18 ಕಸುಬುಗಳವರಿಗೆ ತರಬೇತಿ ಮತ್ತು ಸಲಕರಣೆಗಳಿಗೆ ನೆರವು ನೀಡುತ್ತದೆ, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅದು ಕಸುಬುದಾರರ ಮಾತಾಯಿತು. ಮನೆಯ ಕತ್ತಿಯನ್ನು ಮನೆಯಲ್ಲಿಯೇ ಮಸೆಯುವುದಕ್ಕೆ ಯಾವ ಯೋಜನೆಯೂ ಬರಲಾರದು, ಬರಬೇಕಾದ ಅಗತ್ಯವೂ ಇಲ್ಲ.

ಹರಿದ ಬಟ್ಟೆಗೆ ತೇಪೆ ಹಾಕುವುದು, ಕೊಡೆಯ ಕಡ್ಡಿ ಕಟ್ಟುವುದು, ಗುದ್ದಲಿಗೆ ಮರದ ಹಿಡಿ ಹಾಕುವುದು, ತೆಂಗಿನ ನಾರಿನ ಹಗ್ಗ ಹೊಸೆಯುವುದು, ಇವುಗಳ ಬಗ್ಗೆಯೂ ಹೇಳಬೇಕೆಂದಿದ್ದೆ. ಸಮಯವಿಲ್ಲ. ಒಂದನ್ನು ಕಲಿತ ಕೈ ಮತ್ತೊಂದನ್ನು ಬೇಗ ಕಲಿಯುತ್ತದೆ ಎಂಬುದನ್ನು ಮಾತ್ರ ನನ್ನ ವಿದ್ಯಾರ್ಥಿಗಳಲ್ಲಿ ನೋಡಿ ಬಲ್ಲೆ. ಮೂರು ತಿಂಗಳು ಅರ ಹಿಡಿದ ಹುಡುಗನಿಗೆ ನಲ್ಲಿಯ ವಾಷರ್ ಬದಲಿಸುವುದನ್ನು ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ಮಕ್ಕಳಿಗೆ ಕಲಿಸುವಾಗ ಮೊದಲ ದಿನ ಪೂರ್ತಿ ಮೊಂಡಾದ, ಎಸೆಯಬೇಕೆಂದಿದ್ದ ಚಾಕುವನ್ನೇ ಕೊಡಿ. ಪಕ್ಕದಲ್ಲಿ ತಾವೇ ಕುಳಿತಿರಿ. ಬೆರಳನ್ನು ಅಂಚಿನುದ್ದಕ್ಕೆ ಎಳೆಯಬಾರದು, ಬೆನ್ನಿನಿಂದ ಅಂಚಿಗೆ ಅಡ್ಡವಾಗಿ ಮಾತ್ರ ಸರಿಸಬೇಕು ಎಂಬುದನ್ನು ಕಲ್ಲು ಮುಟ್ಟುವುದಕ್ಕೂ ಮೊದಲೇ ಹೇಳಿ. ಕರಾವಳಿಯ ಉಪ್ಪುಗಾಳಿ ಮತ್ತು ಘಟ್ಟದ ಮೇಲಿನ ಮಳೆ ಎರಡೂ ಉಕ್ಕಿಗೆ ಬೇಗ ತುಕ್ಕು ಹಿಡಿಸುವುದರಿಂದ, ಮಸೆದ ಕತ್ತಿಯನ್ನು ಚೆನ್ನಾಗಿ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ. ಬಾಳೆಕಾಯಿ, ಹಲಸಿನಕಾಯಿ ಹೆಚ್ಚುವ ಮೊದಲೂ ಅದೇ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲ. ವಾರಕ್ಕೊಮ್ಮೆ ನಯವಾದ ಮುಖದ ಮೇಲೆ ಸ್ವಲ್ಪ ತೀಡುತ್ತಿದ್ದರೆ ಒರಟು ಮುಖದ ಕೆಲಸ ವರ್ಷಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಬೀಳದು. ಕಲ್ಲು ಕೊಳ್ಳುವಾಗ ಅಂಗಡಿಯವರು ಚಿಕ್ಕದನ್ನು ತೋರಿಸಿದರೆ ಬೇಡವೆನ್ನಿ. ತಮ್ಮ ಚಾಕುವಿನ ಅಲಗಿಗಿಂತ ಉದ್ದವಾದದ್ದನ್ನೇ ಕೇಳಿ ತೆಗೆದುಕೊಳ್ಳಿ. ನಮಸ್ಕಾರ.