ಒತ್ತಿದ ಬೆರಳನ್ನು ಬೈಯಬೇಡಿ, ಬಟನ್ ನೋಡಿ

ಎಲ್ಲರಿಗೂ ನಮಸ್ಕಾರ.

ಕೆಲಸದ ಜಾಗದಲ್ಲಿ ಅಪಾಯ ಬಂದಾಗ ಸಹಾಯಕ್ಕೆ ಕರೆಯಲು ಒತ್ತುವ ಪ್ಯಾನಿಕ್ ಬಟನ್‌ಗಳಿಂದ ಬರುವ ಸುಳ್ಳು ಅಲಾರಂ ತಡೆಯುವುದು ಹೇಗೆ ಅಂತ ಮಾತಾಡಲು ಕರೆದಿದ್ದೀರಿ. ಬಟನ್ ಯಾಕೆ ಬೇಕು, ಯಾರಿಗೆ ಬೇಕು ಅನ್ನುವುದನ್ನು ನಾನು ಹೇಳಹೋಗುವುದಿಲ್ಲ. ಇಲ್ಲಿ ಕೂತಿರುವವರಲ್ಲಿ ಬಹಳಷ್ಟು ಜನ ಸೆಕ್ಯುರಿಟಿ, ಎಚ್‌ಆರ್, ಆಡಳಿತ ನೋಡಿಕೊಳ್ಳುವವರು. ಅದೆಲ್ಲ ನಿಮಗೆ ಗೊತ್ತು.

ನನ್ನನ್ನು ಕಾಡುತ್ತಿರುವ ವಿಷಯಕ್ಕೇ ಬರುತ್ತೇನೆ. ಇತ್ತೀಚೆಗೆ ಒಂದು ಸಂಸ್ಥೆಯ ಸುತ್ತೋಲೆ ನೋಡಿದೆ. ಹೆಸರು ಬೇಡ. ‘ಕಾರಣವಿಲ್ಲದೆ ಪ್ಯಾನಿಕ್ ಬಟನ್ ಒತ್ತಿದವರ ಮೇಲೆ ಶಿಸ್ತುಕ್ರಮ ಕೈಗೊಳ್ಳಲಾಗುವುದು.’ ಇಷ್ಟೇ. ಅದನ್ನು ಕೌಂಟರಿನ ಒಳಬದಿಗೆ, ಬಟನ್ ಪಕ್ಕದಲ್ಲೇ ಅಂಟಿಸಿದ್ದರು. ಅದಾದ ಮೇಲೆ ಸುಳ್ಳು ಅಲಾರಂ ಬಂದೇ ಇಲ್ಲ ಅಂತ ಮ್ಯಾನೇಜರ್ ಖುಷಿಯಾಗಿದ್ದರು. ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳನ್ನು ಕೇಳಿದೆ: “ಈಗ ಯಾರಾದರೂ ಬಂದು ನಿಮ್ಮ ಕೈ ಹಿಡಿದು ಎಳೆದರೆ ಏನು ಮಾಡ್ತೀರಮ್ಮಾ?” ಅವರು ಸ್ವಲ್ಪ ಯೋಚಿಸಿ, “ಮೊದಲು ಮ್ಯಾನೇಜರಿಗೆ ಫೋನ್ ಮಾಡಿ ಕೇಳ್ತೀನಿ ಸರ್” ಅಂದರು.

ಕೈಯನ್ನು ಇನ್ನೊಬ್ಬ ಹಿಡಿದುಕೊಂಡಿರುವಾಗ ಫೋನ್ ಮಾಡುವುದು ಹೇಗೆ?

ಸುಳ್ಳು ಅಲಾರಂ ಕಡಿಮೆ ಮಾಡಲು ಎರಡು ದಾರಿ ಇವೆ. ಜನ ಒತ್ತಲಿಕ್ಕೇ ಹೆದರುವ ಹಾಗೆ ಮಾಡುವುದು ಒಂದು. ತಪ್ಪಿ ಒತ್ತಲು ಆಗದ ಹಾಗೆ ಬಟನ್ ಕೂರಿಸುವುದು ಇನ್ನೊಂದು. ಮೊದಲನೆಯದಕ್ಕೆ ಒಂದು ಕಾಗದ, ಎರಡು ಇಂಚು ಟೇಪ್ ಸಾಕು. ಎರಡನೆಯದಕ್ಕೆ ಮೇಜಿನ ಕೆಳಗೆ ಬಗ್ಗಿ ನೋಡಬೇಕು. ಬಗ್ಗಿ ನೋಡಿ ಅಂತ ಕೇಳಿಕೊಳ್ಳಲಿಕ್ಕೇ ನಾನು ಬಂದಿದ್ದೇನೆ.

ಸುಳ್ಳು ಅಲಾರಂ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಅಮೆರಿಕದಲ್ಲಿ ಪೊಲೀಸರಿಗೆ ಬರುವ ಕಳ್ಳತನದ ಅಲಾರಂಗಳಲ್ಲಿ ನೂರಕ್ಕೆ 94ರಿಂದ 98 ಸುಳ್ಳು ಅಂತ ಅಲ್ಲಿನವರೇ ಲೆಕ್ಕ ಹಾಕಿದ್ದಾರೆ. ಆಸ್ಪತ್ರೆಗಳ ಕತೆ ಇನ್ನೂ ಗಂಭೀರ. ಅಲ್ಲಿನ ಆಸ್ಪತ್ರೆಗಳ ಗುಣಮಟ್ಟ ನೋಡುವ ಜಾಯಿಂಟ್ ಕಮಿಷನ್ 2013ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಯಂತ್ರಗಳ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ಅವರ ಗಮನಕ್ಕೆ ಬಂದಿದ್ದವು. ಅವುಗಳಲ್ಲಿ 80 ಸಾವು. ದೊಡ್ಡ ಕಾರಣಗಳಲ್ಲಿ ಒಂದು, ಇಡೀ ದಿನ ಕುಯ್ಯೋ ಅನ್ನುವ ಯಂತ್ರಗಳ ನಡುವೆ ಕೆಲಸ ಮಾಡಿ ಸಿಬ್ಬಂದಿಯ ಕಿವಿ ಮರಗಟ್ಟಿ ಹೋಗಿರುವುದು. ಬಟನ್ ಒತ್ತಿದ ಸುದ್ದಿ ಬಂದು ತಲುಪುವ ಕಂಟ್ರೋಲ್ ರೂಮಿನಲ್ಲೂ ಹೀಗೇ ಆಗುತ್ತದೆ. ಮೂರು ಸಲ ಓಡಿಬಂದ ಗಾರ್ಡ್ ನಾಲ್ಕನೇ ಸಲ ನಡೆದು ಬರುತ್ತಾನೆ. ಅವನದೇನೂ ತಪ್ಪಿಲ್ಲ, ಮನುಷ್ಯರ ಸ್ವಭಾವ.

ಇಂಥ ಕಡೆ ಎಲ್ಲರೂ ‘ತೋಳ ಬಂತು ತೋಳ’ ಕತೆ ಹೇಳುತ್ತಾರೆ. ದಯವಿಟ್ಟು ಆ ಕತೆಯನ್ನು ನಿಮ್ಮ ತರಬೇತಿಯಿಂದ ತೆಗೆದುಹಾಕಿ. ಆ ಹುಡುಗ ಬೇಕೆಂದೇ ಕೂಗಿದವನು. ನಿಮ್ಮ ರಿಸೆಪ್ಷನಿನವರು ಬೇಕೆಂದು ಒತ್ತಿಲ್ಲ. ಅವರ ಮೊಣಕಾಲು ತಾಗಿದೆ, ಅಷ್ಟೇ.

ಈಗ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗ. ಪ್ಯಾನಿಕ್ ಬಟನ್‌ದಲ್ಲ, ಅದಕ್ಕಿಂತ ದೊಡ್ಡದು. ಆದರೆ ಸುಳ್ಳು ಅಲಾರಂ ಬಗ್ಗೆ ಕಲಿಯಬೇಕಾದದ್ದೆಲ್ಲ ಅದರಲ್ಲಿದೆ.

2018ರ ಜನವರಿ 13. ಅಮೆರಿಕದ ಹವಾಯಿ ದ್ವೀಪಗಳು. ಶನಿವಾರ ಬೆಳಿಗ್ಗೆ 8 ಗಂಟೆ 7 ನಿಮಿಷ. ಜನರ ಫೋನ್‌ಗಳೆಲ್ಲ ಒಟ್ಟಿಗೆ ಕಿರುಚಿದವು. ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಭ್ಯಾಸವಲ್ಲ. ಜನ ಮಕ್ಕಳನ್ನು ಎತ್ತಿಕೊಂಡು ಓಡಿದರು. ಮನೆಯವರಿಗೆ ಕೊನೆಯ ಮಾತು ಅಂತ ಮೆಸೇಜ್ ಕಳಿಸಿದರು. ಕ್ಷಿಪಣಿ ಇರಲೇ ಇಲ್ಲ.

ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಒತ್ತಿದವನು ಯಾರು? ಅವನ ಕೆಲಸ ಹೋಯಿತು. ಆದರೆ ಆಮೇಲೆ ತನಿಖೆಯಲ್ಲಿ ಹೊರಬಂದದ್ದನ್ನು ನೋಡಿ. ಸಂದೇಶ ಕಳಿಸಿದ ರಾಜ್ಯದ ತುರ್ತು ನಿರ್ವಹಣಾ ಕಚೇರಿಯಲ್ಲಿ ರಾತ್ರಿ ಶಿಫ್ಟಿನವರು ಹೋಗುತ್ತಿದ್ದಾರೆ, ಹಗಲಿನವರು ಬರುತ್ತಿದ್ದಾರೆ. ಆ ಗಡಿಬಿಡಿಯಲ್ಲೇ ಮುನ್ಸೂಚನೆ ಇಲ್ಲದ ಡ್ರಿಲ್ ಮಾಡೋಣ ಅಂತ ರಾತ್ರಿಯ ಮೇಲ್ವಿಚಾರಕರು ತೀರ್ಮಾನಿಸಿದರು. ಹಗಲಿನ ಮೇಲ್ವಿಚಾರಕರು ಅದು ರಾತ್ರಿಯವರಿಗೆ ಮಾತ್ರ ಅಂದುಕೊಂಡರು. ಫೋನಿನಲ್ಲಿ ಕೇಳಿಸಿದ ರೆಕಾರ್ಡಿಂಗ್ ‘ಅಭ್ಯಾಸ, ಅಭ್ಯಾಸ, ಅಭ್ಯಾಸ’ ಅಂತಲೂ ಹೇಳಿತು, ‘ಇದು ಅಭ್ಯಾಸವಲ್ಲ’ ಅಂತಲೂ ಹೇಳಿತು. ಎರಡೂ ಒಂದೇ ರೆಕಾರ್ಡಿಂಗಿನಲ್ಲಿ! ಆ ನೌಕರ ನಂಬಿದ್ದು ಎರಡನೆಯದನ್ನು. ಕಂಪ್ಯೂಟರಿನಲ್ಲಿ ಅಭ್ಯಾಸಕ್ಕೂ ನಿಜಕ್ಕೂ ಬೇರೆ ಬೇರೆ ಪರದೆ ಇರಲಿಲ್ಲ. ‘ಕಳಿಸಲೇ?’ ಅಂತ ಅದು ಕೇಳಿತು, ಅವನು ‘ಹೌದು’ ಅಂದ. ನಿಜವೆಂದು ನಂಬಿದವನು ಇನ್ನೇನು ಅಂದಾನು?

ಇನ್ನೊಂದು ಮಾತು. ಅಲಾರಂ ಕಳಿಸಲು ತಯಾರಿ ಇತ್ತು. ಅದು ಸುಳ್ಳು ಅಂತ ಹೇಳಲು ಏನೇನೂ ತಯಾರಿ ಇರಲಿಲ್ಲ. ತಿದ್ದುಪಡಿಯ ಸಂದೇಶವನ್ನು ಆಗ ಕೂತು ಬರೆಯಬೇಕಾಯಿತು. ಅದು ಜನರ ಫೋನಿಗೆ ತಲುಪಿದ್ದು 8 ಗಂಟೆ 45ಕ್ಕೆ. ಪೂರ್ತಿ 38 ನಿಮಿಷ. ಅಷ್ಟರಲ್ಲಿ ರಾಜ್ಯಪಾಲರಿಗೆ ಸುದ್ದಿ ಸುಳ್ಳು ಅಂತ ಗೊತ್ತಾಗಿತ್ತು. ಟ್ವಿಟರ್‌ನಲ್ಲಿ ಹಾಕೋಣ ಅಂದರೆ ಅವರಿಗೆ ತಮ್ಮ ಪಾಸ್‌ವರ್ಡ್ ಗೊತ್ತಿರಲಿಲ್ಲ. ಹಾಗಂತ ಅವರೇ ಹೇಳಿಕೊಂಡರು. ಆಮೇಲೆ ಯಾರೋ ಆ ತುರ್ತು ನಿರ್ವಹಣಾ ಕಚೇರಿಯ ಹಳೇ ಪತ್ರಿಕಾ ಫೋಟೋ ಹುಡುಕಿ ತೆಗೆದರು. ಅದರಲ್ಲಿ ಕಂಪ್ಯೂಟರಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದ್ದು ಕಾಣುತ್ತಿತ್ತು. ಬೇಕಾದವರಿಗೆ ಪಾಸ್‌ವರ್ಡ್ ನೆನಪಿಲ್ಲ, ಬೇಡದವರಿಗೆ ಫೋಟೋದಲ್ಲೇ ಸಿಗುತ್ತದೆ! ನಗು ಬರುತ್ತದೆ, ಅಲ್ವಾ? ನಕ್ಕುಬಿಡಿ. ಆದರೆ ಮನೆಗೆ ಹೋಗುವ ಮೊದಲು ನಿಮ್ಮ ಕಂಟ್ರೋಲ್ ರೂಮಿನ ಪರದೆಗಳನ್ನೂ ಒಮ್ಮೆ ನೋಡಿ.

ಆ ಒಬ್ಬನನ್ನು ತೆಗೆದದ್ದರಿಂದ ರೆಕಾರ್ಡಿಂಗ್ ಸರಿಹೋಗಲಿಲ್ಲ. ಪರದೆ ಬದಲಾಗಲಿಲ್ಲ. ಕೆಲಸ ಕೊಟ್ಟದ್ದು ಬೇರೆ ಎರಡು ಕ್ರಮ: ಸಂದೇಶ ಕಳಿಸಲು ಇಬ್ಬರು ಬೇಕು ಅನ್ನುವ ನಿಯಮ, ಮತ್ತು ಮೊದಲೇ ಬರೆದಿಟ್ಟ ರದ್ದತಿ ಸಂದೇಶ. ಬೆರಳನ್ನು ಬಿಟ್ಟು ಬಟನ್ ನೋಡಿದಾಗ ಇದು ಆಗುತ್ತದೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಇಬ್ಬರು ಬೇಕು ಅನ್ನುವ ನಿಯಮ ಕ್ಷಿಪಣಿಗೆ ಸರಿ. ಪ್ಯಾನಿಕ್ ಬಟನ್‌ಗೆ ಅದನ್ನು ತಂದವರನ್ನೂ ಕಂಡಿದ್ದೇನೆ, ‘ಒತ್ತುವ ಮೊದಲು ಪಕ್ಕದವರ ಒಪ್ಪಿಗೆ ಪಡೆಯಿರಿ’ ಅಂತ. ಈ ಬಟನ್ ಇರುವುದೇ ಪಕ್ಕದಲ್ಲಿ ಯಾರೂ ಇಲ್ಲದವರಿಗೆ. ಇಲ್ಲಿ ಇಬ್ಬರು ಬೇಡ. ಎರಡು ಬೆರಳು ಬೇಕು.

ಇದೋ, ಮೇಜಿನ ಮೇಲೆ ತಂದಿಟ್ಟಿದ್ದೇನೆ. ಮುಂದಿನ ಸಾಲಿನವರಿಗೆ ಕಾಣಬಹುದು. ಈ ಡಬ್ಬಿಗೆ ಎರಡು ಗುಂಡಿ ಇವೆ, ಎದುರುಬದುರಾಗಿ. ಹೆಬ್ಬೆರಳು ಒಂದರ ಮೇಲೆ, ತೋರುಬೆರಳು ಇನ್ನೊಂದರ ಮೇಲೆ. ಒಂದನ್ನೇ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಚಿವುಟಿದರೆ ಮಾತ್ರ ಅಲಾರಂ ಹೋಗುತ್ತದೆ. ಮೊಣಕಾಲು ಚಿವುಟುವುದಿಲ್ಲ. ಒರೆಸುವ ಬಟ್ಟೆ ಚಿವುಟುವುದಿಲ್ಲ. ಕುರ್ಚಿಯ ಕೈ ಚಿವುಟುವುದಿಲ್ಲ. ಹೆದರಿದ ಮನುಷ್ಯ ಮಾತ್ರ ಚಿವುಟುತ್ತಾನೆ, ಕಣ್ಣಿನಿಂದ ನೋಡದೆಯೂ ಚಿವುಟಬಲ್ಲ. ಒಮ್ಮೆ ಹೋದರೆ ಈ ಕೀಲಿ ಹಾಕುವವರೆಗೂ ಒತ್ತಿದ ಗುರುತು ಹಾಗೇ ನಿಲ್ಲುತ್ತದೆ. ಹತ್ತು ಬಟನ್ ಇರುವ ಕಡೆ ಯಾವುದು ಒತ್ತಿದ್ದು ಅಂತ ಹುಡುಕುವ ಕೆಲಸ ಇಲ್ಲ. ಒಂದೇ ಗುಂಡಿಯ, ಹೊರಗೆ ಉಬ್ಬಿಕೊಂಡಿರುವ ಬಟನ್ ಹಾಕಲೇಬಾರದು ಅಂತ ಅಮೆರಿಕದ ಎಷ್ಟೋ ನಗರಗಳ ಅಲಾರಂ ನಿಯಮಗಳೇ ಹೇಳುತ್ತವೆ.

ಈಗ ಅದು ಇರುವ ಜಾಗ. ರಿಸೆಪ್ಷನ್ ಮೇಜಿನ ಕೆಳಗೆ ಬಾಗಿಲು ತೆರೆಯುವ ಬಟನ್ ಇರುತ್ತದೆ. ಅದರ ಪಕ್ಕದಲ್ಲೇ, ಅದೇ ಅಳತೆಯ, ಅದೇ ಬಣ್ಣದ ಪ್ಯಾನಿಕ್ ಬಟನ್. ವೈರ್ ಎಳೆಯುವವರಿಗೆ ಅದು ಸುಲಭ. ಅಲ್ಲಿ ಕೂತವರು ಇಡೀ ದಿನ ಬಂದವರಿಗೆಲ್ಲ ಬಾಗಿಲು ತೆರೆಯುತ್ತಾರೆ, ನೋಡದೆ ಕೈ ಹಾಕಿ ಒತ್ತುತ್ತಾರೆ. ತಪ್ಪುವುದು ಯಾವತ್ತೋ ಒಂದು ದಿನ ಅಲ್ಲ, ಪದೇ ಪದೇ. ಇದನ್ನು ತರಬೇತಿಯಿಂದ ಸರಿಮಾಡಲು ಹೋಗಬೇಡಿ. ಒಂದನ್ನು ಬಲಗಡೆ ಇಡಿ, ಇನ್ನೊಂದನ್ನು ಎಡಗಡೆ ಇಡಿ. ಒಂದು ಸ್ಕ್ರೂಡ್ರೈವರ್ ಕೆಲಸ.

ಕ್ಯಾಷ್ ಕೌಂಟರಿನವರು ಯಾರಾದರೂ ಇದ್ದೀರಾ? ಡ್ರಾಯರಿನಲ್ಲಿ ನೋಟು ಹಿಡಿಯುವ ಕ್ಲಿಪ್ ನೋಡಿರಬಹುದು. ಎರಡು ಲೋಹದ ತುಣುಕು, ನಡುವೆ ಒಂದು ನೋಟು. ನೋಟು ಇರುವವರೆಗೂ ಅವು ಒಂದಕ್ಕೊಂದು ತಾಗುವುದಿಲ್ಲ. ದರೋಡೆಕೋರ ಎಲ್ಲ ಕೊಡು ಅಂದಾಗ ಆ ನೋಟನ್ನೂ ಎಳೆದುಕೊಟ್ಟರೆ ತುಣುಕುಗಳು ತಾಗಿ ಅಲಾರಂ ಹೋಗುತ್ತದೆ. ಕೈ ಬಟನ್ ಹತ್ತಿರ ಹೋಗುವುದೇ ಬೇಡ, ಜಾಣತನದ ಉಪಾಯ. ಆದರೆ ಸಂಜೆ ಲೆಕ್ಕ ಮುಗಿಸುವಾಗ ಹೊಸಬರು ಡ್ರಾಯರ್ ಪೂರ್ತಿ ಖಾಲಿ ಮಾಡುತ್ತಾರೆ. ನೋಟು ಹಳೆಯದಾಗಿ ಮೆತ್ತಗಾಗಿ ತಾನೇ ಜಾರುತ್ತದೆ. ಕ್ಲಿಪ್ ಬೇಕೇ ಬೇಕಾ ಅಂತ ಮೊದಲು ಕೇಳಿಕೊಳ್ಳಿ. ಬೇಕು ಅಂದರೆ ಆ ಕೌಂಟರಿಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಅದನ್ನು ಮುಟ್ಟಿಸಿ ತೋರಿಸಿ.

ಇನ್ನು ಗುಟ್ಟಿನ ನಂಬರ್. ಯಾರೋ ಚಾಕು ಹಿಡಿದು ಅಲಾರಂ ಆಫ್ ಮಾಡು ಅಂದಾಗ ನೀವು ಬೇರೊಂದು ನಂಬರ್ ಹಾಕುತ್ತೀರಿ. ಅಲಾರಂ ಆಫ್ ಆದ ಹಾಗೆ ಕಾಣುತ್ತದೆ, ಆದರೆ ಕಂಟ್ರೋಲ್ ರೂಮಿಗೆ ಸುದ್ದಿ ಹೋಗುತ್ತದೆ. ಒಳ್ಳೆಯದೇ. ಆದರೆ ಬಹಳ ಕಡೆ ಆ ನಂಬರ್ ಹೇಗಿರುತ್ತದೆ? ದಿನದ ನಂಬರ್ 1234 ಆದರೆ ಗುಟ್ಟಿನದು 1235. ಕೊನೆಯ ಅಂಕಿಗೆ ಒಂದು ಕೂಡಿಸಿದರಾಯಿತು, ನೆನಪಿಡಲು ಸುಲಭ ಅಂತ. ತಪ್ಪಿ ಒತ್ತಲೂ ಅಷ್ಟೇ ಸುಲಭ! ಬೆಳಿಗ್ಗೆ ಬಾಗಿಲು ತೆರೆಯುವವರ ಬೆರಳು ಒಂದು ಗುಂಡಿ ಆಚೆ ಬಿದ್ದರೆ ಪೊಲೀಸರು ಬಂದು ನಿಲ್ಲುತ್ತಾರೆ. ಒತ್ತಿದವರಿಗೆ ತಾನು ಏನು ಮಾಡಿದೆ ಅಂತಲೇ ಗೊತ್ತಿರುವುದಿಲ್ಲ. ಎರಡೂ ನಂಬರ್ ಪೂರ್ತಿ ಬೇರೆ ಇರಬೇಕು. ಸುಳ್ಳು ಅಲಾರಂ ಕಡಿಮೆ ಮಾಡಲೆಂದೇ ಅಮೆರಿಕದಲ್ಲಿ ಸಿಪಿ-01 ಅಂತ ಒಂದು ಮಾನದಂಡ ಇದೆ. ಅದು ಈ ಒಂದು ಕೂಡಿಸುವ ಪದ್ಧತಿ ಬೇಡವೇ ಬೇಡ ಅನ್ನುತ್ತದೆ. ಇಲ್ಲೂ ಅದೇ ನೋಡಿ: ಬೈಸಿಕೊಂಡದ್ದು ಬೆರಳು, ತಪ್ಪಿದ್ದು ನಂಬರ್ ಕೊಟ್ಟವರು.

ಚೀಟಿ ಬಂತು. ಐದು ನಿಮಿಷ. ಆಯಿತು, ಬೇಗ ಬೇಗ ಹೇಳುತ್ತೇನೆ.

ಕೊರಳಿಗೆ ಹಾಕುವ ಬಟನ್, ಫೋನಿನ ಆಪ್. 2023ರ ಜೂನ್‌ನಲ್ಲಿ ಬ್ರಿಟನ್ನಿನ ಪೊಲೀಸರು ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ದಾಖಲೆ ಪ್ರಮಾಣದಲ್ಲಿ ಕರೆ ಬರುತ್ತಿವೆ ಅಂದರು. ಆಂಡ್ರಾಯ್ಡ್ ಫೋನಿನ ಪಕ್ಕದ ಗುಂಡಿಯನ್ನು ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಅದಕ್ಕೊಂದು ಕಾರಣ ಅಂತ ಅವರಿಗೆ ಅನಿಸಿತ್ತು. ಜೇಬಿನಲ್ಲೇ ಗುಂಡಿ ಒತ್ತಿಹೋಗುತ್ತಿತ್ತು. ಅವರು ಜನರಿಗೆ ಹೇಳಿದ ಮಾತು ಬಹಳ ಒಳ್ಳೆಯದು: ತಪ್ಪಿ ಕರೆ ಹೋದರೆ ಕಟ್ ಮಾಡಬೇಡಿ, ಲೈನಿನಲ್ಲಿ ಇದ್ದು ತಪ್ಪಾಯಿತು ಅಂತ ಹೇಳಿ. ಕಟ್ ಮಾಡಿದರೆ ಏನಾಯಿತೋ ಅಂತ ಅವರು ಹುಡುಕಬೇಕಾಗುತ್ತದೆ. ನಿಮ್ಮಲ್ಲೂ ಇದೇ ನಿಯಮ ಇರಲಿ. ಬೈಗುಳ ಇಲ್ಲ ಅಂತ ಗೊತ್ತಿದ್ದರೆ ಮಾತ್ರ ಜನ ಲೈನಿನಲ್ಲಿ ಇರುತ್ತಾರೆ. ಕೊರಳಿನ ಬಟನ್ ಆದರೆ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯುವಂಥದ್ದು ತನ್ನಿ. ಹೋಯಿತು ಅಂತ ಮೈಗೆ ತಿಳಿಯಲು ಅದು ನಡುಗಬೇಕು, ಸದ್ದು ಬೇಡ.

ಅಲಾರಂ ಬಂದ ಮೇಲೆ ಫೋನ್ ಮಾಡಿ ವಿಚಾರಿಸುವವರಿಗೆ ಒತ್ತಿದವರು ಹೇಳಬೇಕಾದ, ಮೊದಲೇ ಗೊತ್ತುಮಾಡಿದ ಒಂದು ಮಾತು ಇರಲಿ. ‘ಎಲ್ಲಾ ಸರಿ ಇದೆ’ ಅನ್ನುವುದು ಸಾಲದು. ಪಕ್ಕದಲ್ಲಿ ನಿಂತವನು ಅದನ್ನೇ ಹೇಳಿಸುತ್ತಾನೆ. ಗೊತ್ತುಮಾಡಿದ ಮಾತು ಬರದಿದ್ದರೆ, ದನಿ ಎಷ್ಟೇ ಶಾಂತವಾಗಿದ್ದರೂ ಹೊರಡಿ.

ಪರೀಕ್ಷೆ ಮಾಡುವ ದಿನ ಮೊದಲು ಕಂಟ್ರೋಲ್ ರೂಮಿಗೆ ಹೇಳಿ, ಬಟನ್ ಅನ್ನು ಟೆಸ್ಟ್‌ಗೆ, ಅಂದರೆ ಅಲಾರಂ ಬಂದರೂ ಯಾರೂ ಹೊರಡದ ಹಾಗೆ ಹಾಕಿಸಿ, ಆಮೇಲೆ ಒತ್ತಿ. ಮುಗಿದ ಮೇಲೆ ಟೆಸ್ಟ್‌ನಿಂದ ತೆಗೆಸಿ. ಕೊನೆಯದನ್ನು ಮರೆಯುವವರೇ ಜಾಸ್ತಿ. ಮರೆತರೆ ನಿಜವಾದ ಅಲಾರಂ ಬಂದಾಗ ಯಾರೂ ಬರುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಪರೀಕ್ಷೆ ಬೇಡ. ಹವಾಯಿ ನೆನಪಿದೆಯಲ್ಲ.

ಕೋಣೆಯ ಹೆಸರು ಬದಲಾದರೆ ಕಂಟ್ರೋಲ್ ರೂಮಿನಲ್ಲಿ ಕಾಣುವ ಬಟನ್‌ನ ಹೆಸರನ್ನೂ ಬದಲಿಸಿ. ಯಾರೂ ಕೂರದ ಮೇಜಿನ ಬಟನ್ ತೆಗೆದುಬಿಡಿ. ಶುಚಿ ಮಾಡುವವರಿಗೂ ಬಟನ್ ಎಲ್ಲಿದೆ ಅಂತ ಹೇಳಿ, ಅವರನ್ನು ಯಾರೂ ತರಬೇತಿಗೆ ಕರೆಯುವುದೇ ಇಲ್ಲ.

ಒಂದು ಪುಸ್ತಕ ಇಡಿ. ಸುಳ್ಳು ಅಲಾರಂ ಬಂದಾಗಲೆಲ್ಲ ಯಾವ ಬಟನ್, ಎಷ್ಟು ಹೊತ್ತಿಗೆ, ಆಗ ಅಲ್ಲಿ ಏನು ಕೆಲಸ ನಡೆಯುತ್ತಿತ್ತು ಅಂತ ಬರೆಯಿರಿ. ಒತ್ತಿದವರ ಹೆಸರಿಗೆ ಕಾಲಂ ಬೇಡ. ಒಂದೇ ಬಟನ್ ಎರಡನೇ ಸಲ ಪುಸ್ತಕಕ್ಕೆ ಬಂದರೆ ಆ ವಾರವೇ ಅದರ ಜಾಗ ಬದಲಿಸಿ.

ನನ್ನ ಹಾಳೆಯಲ್ಲಿ ಬ್ಯಾಟರಿ, ಸಿಗ್ನಲ್ ಬಗ್ಗೆ ಇನ್ನೂ ಇದೆ. ಅದನ್ನು ಪ್ರಶ್ನೆಗಳಲ್ಲಿ ನೋಡೋಣ. ಅಲ್ಲಿ ಹಿಂದೆ ಆಗಲೇ ಒಬ್ಬರು ಕೈ ಎತ್ತಿದ್ದಾರೆ. ಹೇಳಿ ಮೇಡಂ.